ಅಲಾಸ್ಕ ಕ್ರೂಸ್: ಆರು ಜನ, ಸಸ್ಯಾಹಾರ, ಮೊಣಕಾಲು ನೋವಿನ ಮಾವ. ಯಾವ ಕಂಪನಿ ಹೊಂದುತ್ತದೆ?

ಸನ್ನಿವೇಲ್_ಕಾವೇರಿ

ಎಲ್ಲರಿಗೂ ನಮಸ್ಕಾರ. ಮುಂದಿನ ಬೇಸಿಗೆ ರಜೆಗೆ ಅಲಾಸ್ಕಕ್ಕೆ ಏಳು ರಾತ್ರಿಯ ಕ್ರೂಸ್ ಹೋಗೋಣ ಅಂತಿದೆ. ಒಟ್ಟು ಆರು ಜನ: ನಾವಿಬ್ಬರು, 9 ಮತ್ತು 4 ವರ್ಷದ ಮಕ್ಕಳು, ಮೈಸೂರಿನಿಂದ ಬರುವ ಅತ್ತೆ-ಮಾವ. ಮಾವನವರಿಗೆ 72 ವರ್ಷ, ಮೊಣಕಾಲು ನೋವು. ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಹತ್ತುವುದು ಕಷ್ಟ. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅತ್ತೆಯವರಿಗೆ ಈರುಳ್ಳಿ, ಬೆಳ್ಳುಳ್ಳಿ ಕೂಡ ಆಗುವುದಿಲ್ಲ.

ಹಾಲೆಂಡ್ ಅಮೆರಿಕ, ಪ್ರಿನ್ಸೆಸ್, ನಾರ್ವೇಜಿಯನ್, ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಐದನ್ನೂ ನೋಡಿದ್ದಾಯಿತು. ಎಲ್ಲರ ಪುಟದಲ್ಲೂ ಅದೇ ಹಿಮನದಿ, ಅದೇ ತಿಮಿಂಗಿಲದ ಬಾಲ. ದರವೂ ಹೆಚ್ಚುಕಮ್ಮಿ ಒಂದೇ. "ಮಕ್ಕಳಿದ್ದರೆ ರಾಯಲ್, ವಯಸ್ಸಾದವರಿದ್ದರೆ ಹಾಲೆಂಡ್" ಅಂತ ಎಲ್ಲ ಕಡೆ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಇಬ್ಬರೂ ಇದ್ದಾರೆ. ಯಾವುದನ್ನು ಯಾವುದಕ್ಕೆ ಹೋಲಿಸಿ ನೋಡಬೇಕು ಅಂತ ತಿಳಿದವರು ದಯವಿಟ್ಟು ಹೇಳಿ.

ಇನ್ನೊಂದು ಮಾತು. ನಾವಿರುವುದು ಅಮೆರಿಕದಲ್ಲಿ. ನಮ್ಮ ಯಜಮಾನರದು ಎಚ್-1ಬಿ ಎಂಬ ಕೆಲಸದ ವೀಸಾ, ನನ್ನದು ಅವರ ಅವಲಂಬಿತರಿಗೆ ಕೊಡುವ ಎಚ್-4, ಮಕ್ಕಳು ಇಲ್ಲೇ ಹುಟ್ಟಿದವರು, ಅತ್ತೆ-ಮಾವನವರದು ಬಿ1/ಬಿ2 ಸಂದರ್ಶಕ ವೀಸಾ. ನಮ್ಮಿಬ್ಬರ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದೆ, ಇಲ್ಲಿ ಎಲ್ಲಿಯವರೆಗೆ ಇರಬಹುದೆಂದು ಹೇಳುವ ಐ-94 ದಾಖಲೆ ಮಾತ್ರ ಚಾಲ್ತಿಯಲ್ಲಿದೆ. ಇದರಿಂದ ತೊಂದರೆ ಆಗುತ್ತದೆಯೇ?

ಲಂಗರು

ಮೇಡಂ, ಕಂಪನಿಯ ಹೆಸರನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಯಾವ ಹಿಮನದಿ, ಆಮೇಲೆ ಯಾವ ಬಂದರಿನಿಂದ ಹೊರಡುತ್ತದೆ, ಅದಾದ ಮೇಲೆ ಯಾವ ಹಡಗು. ಈ ಕ್ರಮದಲ್ಲಿ ನೋಡುತ್ತ ಹೋದರೆ ಐದು ಕಂಪನಿ ತಾನಾಗಿ ಎರಡಕ್ಕೆ ಇಳಿಯುತ್ತದೆ.

ಹಿಮನದಿಯಲ್ಲಿ ದೊಡ್ಡ ವ್ಯತ್ಯಾಸ ಗ್ಲೇಸಿಯರ್ ಬೇ ಇದೆಯೋ ಇಲ್ಲವೋ ಎಂಬುದು. ಅದು ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಒಳಗೆ ಬಿಡುತ್ತಾರೆ. ಪರವಾನಗಿಗಳಲ್ಲಿ ಬಹುಪಾಲು ಹಾಲೆಂಡ್ ಅಮೆರಿಕ ಮತ್ತು ಪ್ರಿನ್ಸೆಸ್ ಕೈಯಲ್ಲಿವೆ, ನಾರ್ವೇಜಿಯನ್‌ಗೂ ಕೆಲವು ಸಿಗುತ್ತವೆ. ಬೆಳಗ್ಗೆ ಪಾರ್ಕ್ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ, ದಿನವಿಡೀ ಧ್ವನಿವರ್ಧಕದಲ್ಲಿ ವಿವರಣೆ ಕೊಡುತ್ತಾರೆ, ಮಕ್ಕಳಿಗೆ ಚಟುವಟಿಕೆ ಪುಸ್ತಕ ಹಂಚುತ್ತಾರೆ. ಹಡಗು ಒಂಬತ್ತು ಗಂಟೆಯ ಆಸುಪಾಸು ಕೊಲ್ಲಿಯೊಳಗೇ ಇರುತ್ತದೆ. ಮಾರ್ಜರಿ ಹಿಮನದಿಯ ಮುಂದೆ ಸುಮಾರು ಒಂದು ಗಂಟೆ ನಿಂತು ನಿಧಾನವಾಗಿ ಸುತ್ತು ತಿರುಗುತ್ತದೆ. ಆ ಹಿಮದ ಗೋಡೆ ಸುಮಾರು ಒಂದು ಮೈಲು ಅಗಲ, ನೀರಿನ ಮೇಲೆ 250 ಅಡಿ ಎತ್ತರ. ತುಂಡು ಕಳಚಿ ಬೀಳುವುದು ಮೊದಲು ಕಣ್ಣಿಗೆ ಕಾಣುತ್ತದೆ, ಗುಡುಗಿನಂಥ ಸದ್ದು ಕ್ಷಣ ತಡೆದು ಬರುತ್ತದೆ. ಈ ದಿನ ಯಾರೂ ಹಡಗಿನಿಂದ ಇಳಿಯುವುದಿಲ್ಲ. ಹಾಗಾಗಿ ನಡೆಯಲಾಗದವರಿಗೂ ನಡೆಯುವವರಿಗೂ ಕಾಣುವುದು ಒಂದೇ. ನಿಮ್ಮ ಮಾವನವರಿಗೆ ಇದಕ್ಕಿಂತ ಒಳ್ಳೆಯ ದಿನ ಬೇರೆ ಸಿಗದು.

ರಾಯಲ್ ಮತ್ತು ಸೆಲೆಬ್ರಿಟಿಯವರು ಹೆಚ್ಚಾಗಿ ಹಬ್ಬರ್ಡ್ ಹಿಮನದಿಗೋ ಎಂಡಿಕಾಟ್ ಆರ್ಮ್ ಕಡೆಗೋ ಹೋಗುತ್ತಾರೆ. ಹಬ್ಬರ್ಡ್ ಬಹಳ ದೊಡ್ಡದು, ಮುಖವೇ ಸುಮಾರು ಆರು ಮೈಲು ಅಗಲ. ಅದು ಸಿಕ್ಕರೆ ಬೇಸರ ಬೇಡ. ಎಂಡಿಕಾಟ್ ಆರ್ಮ್ ಸಮುದ್ರ ಒಳನುಗ್ಗಿದ ಇಕ್ಕಟ್ಟಾದ ಕಣಿವೆ, ಇಕ್ಕೆಲದಲ್ಲೂ ಜಲಪಾತಗಳು, ನೋಟ ಚೆಂದ. ಆದರೆ ತೇಲುವ ಮಂಜುಗಡ್ಡೆ ಜಾಸ್ತಿಯಿದ್ದರೆ ದೊಡ್ಡ ಹಡಗು ತುದಿಯ ಡಾಸ್ ಹಿಮನದಿಯವರೆಗೆ ಹೋಗದೆ ಹಿಂದಿರುಗುತ್ತದೆ. ಮೇ ತಿಂಗಳಲ್ಲಿ ಈ ಸಾಧ್ಯತೆ ಹೆಚ್ಚು. ಪಕ್ಕದ ಟ್ರೇಸಿ ಆರ್ಮ್‌ನಲ್ಲಿ 2025ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸುನಾಮಿ ಎದ್ದಿತ್ತು. ಹಳೆಯ ಬರಹಗಳಲ್ಲಿ ಟ್ರೇಸಿ ಆರ್ಮ್ ಹೆಸರು ಕಂಡರೆ ಅದನ್ನು ನಂಬಿ ಬುಕ್ ಮಾಡಬೇಡಿ, ಈಗಿನ ವೇಳಾಪಟ್ಟಿಯಲ್ಲಿ ಏನಿದೆ ನೋಡಿ. ಬರೀ "ಗ್ಲೇಸಿಯರ್ ವೀಕ್ಷಣೆ" ಎಂದಿದ್ದರೆ ಸಾಲದು, ಹೆಸರು ಬರೆದಿರಬೇಕು. ಗ್ಲೇಸಿಯರ್ ಬೇಗೆ ಹೋಗುವ ಹಡಗಾದರೆ ಅದನ್ನು ದಪ್ಪಕ್ಷರದಲ್ಲೇ ಹಾಕಿರುತ್ತಾರೆ.

ಇನ್ನು ಬಂದರು. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್‌ನಲ್ಲಿ ಸಾಗುತ್ತವೆ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಅಲೆಯ ಏರಿಳಿತ ಗೊತ್ತಾಗುತ್ತದೆ. ವ್ಯಾಂಕೂವರ್‌ನಿಂದ ಹೊರಟರೆ ದ್ವೀಪದ ಒಳಬದಿಯ ಇನ್‌ಸೈಡ್ ಪ್ಯಾಸೇಜ್. ಎರಡೂ ಕಡೆ ಗುಡ್ಡ, ನೀರು ಕೆರೆಯಂತೆ. ವಾಂತಿ, ತಲೆಸುತ್ತು ಬರುವವರಿದ್ದರೆ ವ್ಯಾಂಕೂವರ್ ವಾಸಿ. ಸಿಯಾಟಲ್ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ಹೊತ್ತು ಕೆಲವು ಗಂಟೆ ನಿಲ್ಲುವುದಕ್ಕೆ ಕಾರಣ ಅಮೆರಿಕದ 1886ರ ಕಾನೂನು. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಲ್ಲಿ ಹೊರಟು ಅಲ್ಲಿಗೇ ಮರಳುವುದಾದರೆ ನಡುವೆ ಒಂದು ವಿದೇಶಿ ಬಂದರಿಗೆ ಹೋಗಲೇಬೇಕು. ಕಡ್ಡಾಯ ಮುಗಿಸುವುದಕ್ಕಾಗಿ ಇಟ್ಟ ನಿಲುಗಡೆ ಅದು. ಅದನ್ನು ಒಂದು ಪೂರ್ತಿ ಊರು ಎಂದು ಲೆಕ್ಕ ಹಿಡಿಯಬೇಡಿ.

ವ್ಯಾಂಕೂವರ್‌ನಿಂದ ವಿಟಿಯರ್‌ಗೋ ಸೀವರ್ಡ್‌ಗೋ ಒಂದೇ ದಿಕ್ಕಿನ ಪ್ರಯಾಣಗಳೂ ಇವೆ. ನೋಡಲು ಹೆಚ್ಚು ಸಿಗುತ್ತದೆ ನಿಜ. ಆದರೆ ಕೊನೆಗೆ ಆಂಕರೇಜ್‌ವರೆಗೆ ಬಸ್ಸು ಅಥವಾ ರೈಲು, ಅಲ್ಲಿಂದ ಆರು ಜನರ ವಿಮಾನ. ಒಳನಾಡಿನ ದೆನಾಲಿ ಪರ್ವತವೂ ಬೇಕು ಎನ್ನುವವರಿಗೆ ಅದು ಸರಿ. ನಿಮ್ಮ ತಂಡಕ್ಕೆ ಹೊರಟಲ್ಲಿಗೇ ಮರಳುವ ಪ್ರಯಾಣವೇ ಇರಲಿ.

ಅಲಾಸ್ಕದ ಜೂನೋ, ಕೆಚಿಕಾನ್, ಸ್ಕ್ಯಾಗ್ವೇಯಂಥ ಬಂದರುಗಳಲ್ಲಿ ಹಡಗು ನಿಲ್ಲುವ ಗಂಟೆಗಳನ್ನು ಬರೆದು ಹೋಲಿಸಿ. ಜೂನೋದಲ್ಲಿ ತಿಮಿಂಗಿಲ ನೋಡುವ ದೋಣಿ ಆಕ್ ಬೇಯಿಂದ ಹೊರಡುತ್ತದೆ. ಬಸ್ಸಿನಲ್ಲಿ ಹೋಗಿಬರುವುದೂ ಸೇರಿ ನಾಲ್ಕು ಗಂಟೆ ಬೇಕು. ಮೆಂಡೆನ್‌ಹಾಲ್ ಹಿಮನದಿ ಊರಿನಿಂದ 12-13 ಮೈಲು. ಎರಡೂ ಆಗಬೇಕಾದರೆ ಏಳು ಗಂಟೆಯಾದರೂ ನಿಲುಗಡೆ ಇರಬೇಕು. ಬೆಳಗ್ಗೆ 7ಕ್ಕೆ ಬಂದು ಮಧ್ಯಾಹ್ನ 1ಕ್ಕೆ ಹೊರಡುವ ಹಡಗಿನಲ್ಲಿ ಒಂದನ್ನು ಕೈಬಿಡಬೇಕಾಗುತ್ತದೆ. ನಾರ್ವೇಜಿಯನ್ ಹಡಗುಗಳು ಕೆಚಿಕಾನ್ ಊರಲ್ಲಿ ನಿಲ್ಲದೆ ಏಳು ಮೈಲು ಆಚೆಯ ವಾರ್ಡ್ ಕೋವ್‌ನಲ್ಲಿ ನಿಲ್ಲುತ್ತವೆ. ಬಸ್ಸು ಪುಕ್ಕಟೆ, ಆದರೆ ಸರದಿ ಸಾಲು, ಹತ್ತುವುದು, ಇಳಿಯುವುದು ಎಲ್ಲ ಸೇರಿ ನಿಮ್ಮ ಮಾವನವರಿಗೆ ಅದೇ ಆಯಾಸ. ಇದು ಕ್ರೂಸ್ ಪುಟದಲ್ಲಿ "ಕೆಚಿಕಾನ್" ಎಂದಷ್ಟೇ ಕಾಣುತ್ತದೆ.

ಇಷ್ಟನ್ನು ನೋಡಿದರೆ ನನ್ನ ಮತ ವ್ಯಾಂಕೂವರ್‌ನಿಂದ ಹೋಗಿಬರುವ, ಗ್ಲೇಸಿಯರ್ ಬೇ ಇರುವ ಹಾಲೆಂಡ್ ಅಮೆರಿಕಕ್ಕೆ. ಎರಡನೆಯದಾಗಿ ಸಿಯಾಟಲ್‌ನಿಂದ ಹೊರಡುವ ಪ್ರಿನ್ಸೆಸ್.

ಹುಬ್ಬಳ್ಳಿ_ಟು_ಸಿಯಾಟಲ್

ಲಂಗರು ಅವರು ದಾರಿ ಹೇಳ್ಯಾರ, ನಾ ಊಟದ್ದು ಹೇಳ್ತೀನ್ರಿ.

"ವೆಜಿಟೇರಿಯನ್" ಅಂತ ಒಂದೇ ಶಬ್ದ ಬರದು ಕಳಿಸಿದ್ರ ಕೆಲಸ ಆಗೂದಿಲ್ಲ. ಅವರ ಲೆಕ್ಕದಾಗ ಅದರೊಳಗ ಮೊಟ್ಟೆ ಬರ್ತದ, ಈರುಳ್ಳಿ-ಬೆಳ್ಳುಳ್ಳಿ ಅಂತೂ ಬಂದೇ ಬರ್ತದ. "ಜೈನ್ ಊಟ" ಅಂದ್ರ ಬಟಾಟಿ, ಗಜ್ಜರಿ ಸುದ್ದಾ ತಗದು ಬಿಡ್ತಾರ. ಅದಕ್ಕ ಸಾಲು ಸಾಲಾಗಿ ಬರೀರಿ: ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಹಾಲು, ಮೊಸರು, ತುಪ್ಪ ನಡೀತದ, ಒಬ್ಬರಿಗೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲ, ಬಟಾಟಿ ನಡೀತದ. ಬುಕಿಂಗ್ ನಂಬರ್ ಹಾಕಿ ಕಂಪನಿಯ ವಿಶೇಷ ಆಹಾರ ವಿಭಾಗಕ್ಕ ಎರಡು ತಿಂಗಳು ಮೊದಲ ಇಮೇಲ್ ಮಾಡ್ರಿ. ಉತ್ತರದ ಪ್ರಿಂಟ್ ಕೈಯಾಗಿರಲಿ.

ಹಡಗು ಹತ್ತಿದ ದಿನ ಮಧ್ಯಾಹ್ನನ ಮುಖ್ಯ ಡೈನಿಂಗ್ ಹಾಲಿಗೆ ಹೋಗಿ ಮೇತ್ರ ಡಿ ಅನ್ನೋ ಮೇಲ್ವಿಚಾರಕರನ್ನ ಹುಡುಕ್ರಿ. ರಾತ್ರಿ ಊಟದ ಹೊತ್ತಿಗೆ ಹೋದ್ರ ಅವರಿಗೆ ಪುರುಸೊತ್ತು ಇರೂದಿಲ್ಲ. ಅವರು ಪ್ರತಿ ರಾತ್ರಿ ಮರುದಿನದ ಮೆನು ತಂದು ತೋರಸ್ತಾರ, ನಿಮಗ ಬೇಕಾದ್ದು ಬರ್ಕೋತಾರ. ಹಿಂದಿನ ದಿನನ ಹೇಳೂದು ಯಾಕ ಬೇಕು ಅಂದ್ರ, ಹಡಗಿನ ಅಡಗಿಮನ್ಯಾಗ ಗ್ರೇವಿ ದೊಡ್ಡ ಪಾತ್ರ್ಯಾಗ ಈರುಳ್ಳಿ ಹಾಕಿನ ತಯಾರಾಗಿರ್ತದ. ನಿಮ್ಮ ಅತ್ತಿಯವರಿಗೆ ಬ್ಯಾರೆ ಒಗ್ಗರಣಿಯಿಂದ ಶುರು ಮಾಡಬೇಕು. ಅದು ಕುರ್ಚಿ ಮ್ಯಾಲೆ ಕುಂತ ಮ್ಯಾಲೆ ಆಗೂ ಕೆಲಸ ಅಲ್ಲ.

ಕಂಪನಿ ಆರಿಸೂದ್ರಾಗ ಊಟದ ಪಾಲು ಇಲ್ಲೇ ಅದ ನೋಡ್ರಿ. ದಿನಾ ಒಂದೇ ಹೊತ್ತು, ಒಂದೇ ಮೇಜು, ಅದೇ ವೇಟರ್ ಸಿಗೂ ಪದ್ಧತಿ ರಾಯಲ್, ಸೆಲೆಬ್ರಿಟಿ, ಹಾಲೆಂಡ್ ಅಮೆರಿಕದಾಗ ಸಿಗ್ತದ. ಬುಕಿಂಗ್ ಮಾಡುವಾಗನ ಸಂಜಿಯ ಮೊದಲ ಪಾಳಿ ತಗೋರಿ, ಸಣ್ಣ ಮಕ್ಕಳಿಗೂ ಅನುಕೂಲ. ನಾರ್ವೇಜಿಯನ್‌ದಾಗ ನಿಗದಿ ಹೊತ್ತು ಅನ್ನೂದು ಇಲ್ಲ, ಎಲ್ಲಿ ಬೇಕಾದಲ್ಲಿ, ಯಾವಾಗ ಬೇಕಾದಾಗ ಉಣ್ಣೂದು. ಬ್ಯಾರೆಯವರಿಗೆ ಅದು ಸ್ವಾತಂತ್ರ್ಯ. ನಿಮಗ ದಿನಾ ಹೊಸ ವೇಟರ್‌ಗೆ ಮೊದಲಿಂದ ಕಥಿ ಹೇಳೂ ಕೆಲಸ.

ಕಾರ್ನಿವಲ್ ಅನ್ನ ನಿಮ್ಮ ಪಟ್ಟಿಯಾಗ ಬಿಟ್ಟೀರಿ. ಅವರ ರಾತ್ರಿ ಮೆನುವಿನಾಗ ಭಾರತೀಯ ಸಸ್ಯಾಹಾರದ್ದು ಒಂದು ಊಟ ಅಚ್ಚಾಗೇ ಇರ್ತದ, ಕೇಳೂ ಪ್ರಮೇಯ ಇಲ್ಲ. ರಾಯಲ್, ಸೆಲೆಬ್ರಿಟಿ ಬಫೆಯಾಗ ದಾಲ್, ಪಲ್ಯದಂಥಾವು ಬಹಳ ಸಲ ಇರ್ತಾವ, ಅಡಗಿಯವರೊಳಗ ನಮ್ಮ ದೇಶದವರೂ ಇರ್ತಾರ. ಹಾಲೆಂಡ್ ಅಮೆರಿಕದಾಗ ಇಂಡೋನೇಷ್ಯಾ, ಫಿಲಿಪೀನ್ಸ್ ಮಂದಿ ಹೆಚ್ಚು. ಕೇಳಿದ್ರ ಪ್ರೀತಿಲೆ ಮಾಡ್ತಾರ, ಆದ್ರ ಕೇಳಬೇಕು.

ಕಣ್ಣಿಗೆ ಕಾಣದಂಥಾವು: ಟೊಮೇಟೊ ಸೂಪಿನಾಗ ಕೋಳಿ ಸ್ಟಾಕ್ ಅಂದ್ರ ಕೋಳಿ ಬೇಯಿಸಿದ ನೀರು, ಪಿಲಾಫ್ ಅನ್ನದಾಗೂ ಅದ, ಬೇಕ್ಡ್ ಬೀನ್ಸ್‌ನಾಗ ಹಂದಿ ಮಾಂಸ, ಸೀಸರ್ ಸಲಾಡ್ ಡ್ರೆಸ್ಸಿಂಗ್‌ನಾಗ ಮೀನು, ಮೂಸ್, ಪನ್ನಾ ಕೋಟಾ ಅನ್ನೋ ಸಿಹಿ ತಿನಿಸಿನಾಗ ಪ್ರಾಣಿಗಳಿಂದ ತಗಿಯೂ ಜೆಲಾಟಿನ್. ಫ್ರೆಂಚ್ ಫ್ರೈ ಕರಿಯೂ ಎಣ್ಣಿಯಾಗ ಕೋಳಿನೂ ಕರೀತಾರೇನು ಅಂತ ಕೇಳ್ರಿ. ಕೇಕ್, ಪ್ಯಾನ್‌ಕೇಕ್ ಎಲ್ಲಾ ಮೊಟ್ಟಿವು.

ಮೊಸರನ್ನ ಮಾತ್ರ ಯಾವ ಹಡಗಿನಾಗೂ ಆಗ್ತದ. ಬಫೆಯಾಗ ಬರೇ ಬೇಯಿಸಿದ ಬಿಳಿ ಅನ್ನ ಕೇಳ್ರಿ. ಅದು ಉದುರುದುರು ಇರ್ತದ. ಬಿಸಿ ಇದ್ದಾಗನ ಎರಡು ಚಮಚ ಬಿಸಿ ಹಾಲು ಹಾಕಿ ಚಮಚದ ಬೆನ್ನಿಲೆ ಹಿಚಕ್ರಿ, ಆಮ್ಯಾಲೆ ನಾಷ್ಟಾ ಸಾಲಿನಾಗ ಸಿಗೂ ಸಪ್ಪನ ಯೋಗರ್ಟ್, ಉಪ್ಪು. ಸಕ್ರಿ ಹಾಕಿದ ವೆನಿಲಾ ಯೋಗರ್ಟ್ ಪಕ್ಕದಾಗೇ ಇಟ್ಟಿರ್ತಾರ, ಚೀಟಿ ಓದಿ ತಗೋರಿ. ಉಪ್ಪಿನಕಾಯಿ, ಚಟ್ನಿಪುಡಿ ಅಂಗಡಿಯ ಸೀಲ್ ಇದ್ದ ಪಾಕೀಟೇ ಒಯ್ಯಿರಿ. ಮನ್ಯಾಗ ಮಾಡಿದ ಅಡಗಿ ಬಿಡೂದಿಲ್ಲ. ಎಲೆಕ್ಟ್ರಿಕ್ ಕೆಟಲ್, ಕುಕ್ಕರ್, ಇಸ್ತ್ರಿ ಪೆಟ್ಟಿಗಿ ಎಕ್ಸ್-ರೇದಾಗ ಕಂಡ ಕೂಡ್ಲೆ ತಗದಿಟ್ಟು ಕಡೀ ದಿನ ಕೊಡ್ತಾರ, ಬೆಂಕಿ ಭಯಕ್ಕ. ಬದಲಿಗೆ ಒಂದು ಒಳ್ಳೆ ಥರ್ಮಾಸ್ ಒಯ್ಯಿರಿ. ಕಪ್‌ನಾಗಿನ ಅವಲಕ್ಕಿ, ಉಪ್ಪಿಟ್ಟಿಗೆ ಬಫೆಯ ಬಿಸಿನೀರು ಸಾಕಾಗ್ತದ, ಆದ್ರ ಅದು ಕುದಿಯೂ ನೀರಲ್ಲ. ಪಾಕೀಟಿನ ಮ್ಯಾಲೆ ಐದು ನಿಮಿಷ ಅಂತಿದ್ರ ಹತ್ತು ನಿಮಿಷ ಮುಚ್ಚಿಡ್ರಿ. ಬಂದರಿನಾಗ ಇಳಿಯುವಾಗ ಬಫೆಯ ಹಣ್ಣು ಚೀಲದಾಗ ಹಾಕ್ಕೊಂಡು ಹೋಗಬ್ಯಾಡ್ರಿ, ತಪಾಸಣಿ ಇರ್ತದ.

ಕಾಗದಪತ್ರ

ಊಟಕ್ಕಿಂತ ಮೊದಲು ಕೆನಡಾ ವೀಸಾ. ವ್ಯಾಂಕೂವರ್‌ನಿಂದ ಹೊರಟರೂ ಬೇಕು, ಸಿಯಾಟಲ್‌ನಿಂದ ಹೊರಟು ವಿಕ್ಟೋರಿಯಾದಲ್ಲಿ ಹಡಗಿನಿಂದ ಇಳಿಯದೆ ಕುಳಿತರೂ ಬೇಕು. ಭಾರತೀಯ ಪಾಸ್‌ಪೋರ್ಟ್ ಇರುವ ನಿಮ್ಮ ನಾಲ್ವರಿಗೂ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ವಿನಾಯಿತಿ, ಅವರು ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡನ್ನೂ ತೋರಿಸಬೇಕು. ವೀಸಾ ಇಲ್ಲದೆ ಬಂದರಿಗೆ ಹೋದರೆ ಚೆಕ್-ಇನ್ ಮೇಜಿನಲ್ಲೇ ತಡೆಯುತ್ತಾರೆ, ಕಟ್ಟಿದ ಹಣ ವಾಪಸ್ ಬರುವುದಿಲ್ಲ. ಈ ಬಗೆಯ ಪ್ರಯಾಣಗಳಲ್ಲಿ ಅತಿ ದೊಡ್ಡ ನಷ್ಟ ಆಗುವುದು ಇಲ್ಲೇ.

ಶುಲ್ಕ ಒಬ್ಬರಿಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಒಂದೇ ಕುಟುಂಬವಾಗಿ ಒಟ್ಟಿಗೆ ಸಲ್ಲಿಸಿದರೆ ಬೆರಳಚ್ಚಿಗೆ ಗರಿಷ್ಠ 170. ಅತ್ತೆ-ಮಾವನವರು ಮೈಸೂರಿನಲ್ಲಿರುವಾಗಲೇ ಅರ್ಜಿ ಹಾಕಿಸುವುದು ಉತ್ತಮ. ಅಮೆರಿಕಕ್ಕೆ ಬಂದ ಮೇಲೂ ಆಗುತ್ತದೆ, ಬೆರಳಚ್ಚನ್ನು ಇಲ್ಲಿನ ವಲಸೆ ಇಲಾಖೆಯ ಕೇಂದ್ರದಲ್ಲಿ ಕೊಡಬಹುದು. ಆದರೆ ಒಪ್ಪಿಗೆ ಬಂದ ಮೇಲೆ ಸ್ಟ್ಯಾಂಪ್‌ಗಾಗಿ ಪಾಸ್‌ಪೋರ್ಟ್ ಕಳಿಸಬೇಕು, ಅದು ಮರಳುವವರೆಗೆ ಅವರ ಕೈಯಲ್ಲಿ ಪಾಸ್‌ಪೋರ್ಟ್ ಇರುವುದಿಲ್ಲ. ಆ ವಾರಗಳಲ್ಲಿ ಬೇರೆ ಪ್ರಯಾಣ ಇಟ್ಟುಕೊಳ್ಳಬೇಡಿ. ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿ ಭಾರತೀಯರಿಗೆ ಅನ್ವಯಿಸುವುದಿಲ್ಲ. ಏಳು ಡಾಲರ್‌ಗೆ ಇಟಿಎ ತೆಗೆದು ಕೆಲಸ ಮುಗಿಯಿತು ಅಂದುಕೊಳ್ಳುವವರು ಬಹಳ ಜನ.

ಸ್ಟ್ಯಾಂಪ್ ಮುಗಿದಿರುವುದರ ಬಗ್ಗೆ: ಕೆನಡಾಕ್ಕೆ ಮಾತ್ರ ಹೋಗಿ 30 ದಿನದೊಳಗೆ ಮರಳುವವರಿಗೆ, ಐ-94 ಚಾಲ್ತಿಯಲ್ಲಿದ್ದರೆ, ಆಟೋಮ್ಯಾಟಿಕ್ ರಿವ್ಯಾಲಿಡೇಶನ್ ಎಂಬ ನಿಯಮದಡಿ ಮುಗಿದ ಸ್ಟ್ಯಾಂಪ್ ಮೇಲೆಯೇ ಒಳಗೆ ಬಿಡುತ್ತಾರೆ. ಐ-94 ಪ್ರಿಂಟ್, ಎಚ್-1ಬಿ, ಎಚ್-4 ಮಂಜೂರಾದ ಪತ್ರವಾದ ಐ-797, ಇತ್ತೀಚಿನ ಸಂಬಳದ ಚೀಟಿ ಒಯ್ಯಿರಿ. ಹೊಸ ಅಮೆರಿಕ ವೀಸಾಕ್ಕೆ ಅರ್ಜಿ ಹಾಕಿ ಬಾಕಿಯಿದ್ದರೆ ಈ ಸೌಲಭ್ಯ ಸಿಗದು. ಬಂದರಿನ ಸಿಬ್ಬಂದಿಗೆ ಈ ನಿಯಮ ಗೊತ್ತಿಲ್ಲದಿರುವ ಸಂಭವವೂ ಇದೆ. ಅದಕ್ಕೇ ಅಮೆರಿಕದ ಗಡಿ ತಪಾಸಣೆ ಇಲಾಖೆಯಾದ ಸಿಬಿಪಿಯ ಜಾಲತಾಣದ ಆ ಪುಟವನ್ನು ಅಚ್ಚು ಹಾಕಿಸಿ ಇಟ್ಟುಕೊಳ್ಳಿ, ಬುಕ್ ಮಾಡುವ ಮೊದಲು ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಮಕ್ಕಳು ಅಮೆರಿಕ ಪ್ರಜೆಗಳಾದ್ದರಿಂದ ಸಿಯಾಟಲ್‌ನಿಂದ ಹೋಗಿಬರುವ ಕ್ರೂಸ್‌ಗೆ ಜನನ ಪತ್ರ ಸಾಕು. ಆದರೂ ಪಾಸ್‌ಪೋರ್ಟ್ ಮಾಡಿಸಿ. ದಾರಿಯಲ್ಲಿ ಯಾರಿಗಾದರೂ ಹುಷಾರಿಲ್ಲದೆ ಕೆನಡಾದಲ್ಲಿ ಇಳಿಯಬೇಕಾದರೆ ವಿಮಾನ ಹತ್ತಲು ಅದೇ ಬೇಕು.

ಹೀಗಿರುವಾಗ ಕಂಪನಿಗಳನ್ನು ಹೋಲಿಸುವಾಗ ಒಂದು ಸಾಲು ಸೇರಿಸಿಕೊಳ್ಳಿ: ಮುಂಗಡ ವಾಪಸ್ ಬರುತ್ತದೆಯೇ? ಅಗ್ಗದ ದರಗಳಲ್ಲಿ ಬಹಳಷ್ಟು ಮುಂಗಡ ವಾಪಸ್ ಇಲ್ಲದವು. ವೀಸಾ ಕೈಗೆ ಬರುವವರೆಗೆ ವಾಪಸ್ ಸಿಗುವ ದರದಲ್ಲೇ ಹಿಡಿಯಿರಿ. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವುದಕ್ಕೆ 90ರಿಂದ 120 ದಿನ ಮುಂಚೆ. ಅಷ್ಟರೊಳಗೆ ನಾಲ್ಕು ವೀಸಾ ಬಂದಿರಬೇಕು.

ಅತ್ತೆ-ಮಾವನವರ ವಿಮೆಯನ್ನೂ ಈಗಲೇ ತೆರೆದು ಓದಿ. ಹಡಗಿನ ಆಸ್ಪತ್ರೆ ಖಾಸಗಿ ದರ ಹಾಕುತ್ತದೆ, ಬಿಲ್ಲು ನೇರ ಕೋಣೆಯ ಖಾತೆಗೆ ಹೋಗುತ್ತದೆ. ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾದರೆ ಹತ್ತಾರು ಸಾವಿರ ಡಾಲರ್. ವಿಸಿಟರ್ ಪಾಲಿಸಿಯಲ್ಲಿ ಸಮುದ್ರಯಾನ ಸೇರಿದೆಯೇ, ತುರ್ತು ಸ್ಥಳಾಂತರದ ಮಿತಿ ಎಷ್ಟು, ಬಿಪಿ-ಸಕ್ಕರೆಯಂಥ ಹಳೆಯ ಕಾಯಿಲೆಗೆ ಏನು ಷರತ್ತು, ಈ ಮೂರು ಸಾಲುಗಳನ್ನು ಹುಡುಕಿ ಗುರುತು ಹಾಕಿ.

ಕುಂದಾಪುರ_ಕಡಲು

ಲಂಗರು ಅವರ ಮಾತಿಗೆ ಒಂದು ತಕರಾರಿದೆ. ಗ್ಲೇಸಿಯರ್ ಬೇ ಒಂದು ದಿನ. ಉಳಿದ ಆರು ದಿನ ನಾಲ್ಕು ವರ್ಷದ ಮಗು ಎಲ್ಲಿರುತ್ತದೆ ಎಂಬುದನ್ನೂ ನೋಡಬೇಕಲ್ಲ? ಜುಲೈಯಲ್ಲೂ ಜೂನೋ ಹಗಲು 17-18 ಡಿಗ್ರಿ, ಹಿಮನದಿಯ ಹತ್ತಿರ ಗಾಳಿ ಮೂಳೆಗೆ ನಾಟುತ್ತದೆ. ಕೆಚಿಕಾನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮ ಆಗುಂಬೆಯ ಅರ್ಧದಷ್ಟು, ಆದರೆ ಇಡೀ ವರ್ಷ ಹಂಚಿಕೊಂಡು ಜಿಟಿಜಿಟಿ ಸುರಿಯುತ್ತದೆ. ಹೊರಗಿನ ಈಜುಕೊಳ ಅಲಾಸ್ಕದಲ್ಲಿ ಚಿತ್ರಕ್ಕಷ್ಟೇ. ಹಾಗಾಗಿ ಮಕ್ಕಳಿಗೆ ಮೇಲೆ ಛಾವಣಿ ಇರುವ ಕೊಳ ಇದೆಯೇ ಎಂದು ಕೇಳಿ.

ರಾಯಲ್‌ನ ಕ್ವಾಂಟಮ್ ವರ್ಗದ ಹಡಗುಗಳಲ್ಲಿ ಒಳಾಂಗಣ ಕೊಳ ಇದೆ. ಡ್ಯಾಶಿಂಗ್ ಕಾರು, ಸ್ಕೇಟಿಂಗ್ ಎಲ್ಲ ಒಂದೇ ಛಾವಣಿಯಡಿ, ಸಮುದ್ರದಿಂದ 300 ಅಡಿ ಎತ್ತರಕ್ಕೆ ಏರಿಸುವ ಗಾಜಿನ ಗೂಡೂ ಉಂಟು. ಆ ಹಡಗುಗಳ ಸೋಲೇರಿಯಂ ಎಂಬ ಗಾಜು ಮುಚ್ಚಿದ ಕೊಳದ ಜಾಗ ಮಾತ್ರ 16 ದಾಟಿದವರಿಗೆ. ಹಾಲೆಂಡ್ ಅಮೆರಿಕದಲ್ಲಿ ನಡು ಡೆಕ್‌ನ ಕೊಳದ ಮೇಲೆ ಜಾರುವ ಗಾಜಿನ ಛಾವಣಿ ಇರುತ್ತದೆ, ಮಳೆ ಬಂದರೆ ಮುಚ್ಚುತ್ತಾರೆ, ಇದು ಅವರ ದೊಡ್ಡ ಅನುಕೂಲ. ಪ್ರಿನ್ಸೆಸ್‌ನ ರಾಯಲ್ ವರ್ಗದ ಹಡಗುಗಳಲ್ಲಿ ಅಂಥ ಛಾವಣಿ ಇಲ್ಲ, ಹಳೆಯ ಕೆಲವಲ್ಲಿ ಇದೆ. ಮಕ್ಕಳ ಕ್ಲಬ್ ನಿಮ್ಮ ಐದೂ ಕಂಪನಿಗಳಲ್ಲಿ ಮೂರು ವರ್ಷದಿಂದ ಶುರು, ಕೆಲವೆಡೆ ಡಯಾಪರ್ ಬಿಟ್ಟಿರಬೇಕು. ರಾಯಲ್, ನಾರ್ವೇಜಿಯನ್‌ನಲ್ಲಿ ಮಕ್ಕಳ ಸಂಖ್ಯೆ ಹೆಚ್ಚು, ವಯಸ್ಸಿಗೆ ತಕ್ಕ ಗುಂಪುಗಳಿರುತ್ತವೆ. ಹಾಲೆಂಡ್‌ನಲ್ಲಿ ಕ್ಲಬ್ ಚಿಕ್ಕದು, 9 ವರ್ಷದವರಿಗೆ ಜೊತೆಗಾರರು ಕಡಿಮೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಹೋದರೆ ಅಲ್ಲೂ ಮಕ್ಕಳು ಸಿಗುತ್ತಾರೆ, ಮೇ ಅಥವಾ ಸೆಪ್ಟೆಂಬರಿನಲ್ಲಿ ಇಲ್ಲ.

ಆದರೆ ಹಡಗು ದೊಡ್ಡದಾದಷ್ಟೂ ಮೊಣಕಾಲಿಗೆ ಕಷ್ಟ, ಇದನ್ನು ಒಪ್ಪುತ್ತೇನೆ. ಕ್ವಾಂಟಮ್ ವರ್ಗದ ಹಡಗು ಸುಮಾರು 350 ಮೀಟರ್ ಉದ್ದ, ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ 4,180 ಜನ. ತುದಿಯ ಕೋಣೆ ಸಿಕ್ಕರೆ ತಿಂಡಿಗೆ ಹೋಗಿಬರುವುದೇ ಒಂದು ನಡಿಗೆ. ಕೋಣೆಯನ್ನು ನೀವೇ ಆರಿಸುವ ದರ ತೆಗೆದುಕೊಳ್ಳಿ. ಹಡಗಿನ ನಡುಭಾಗ, ಲಿಫ್ಟ್‌ನಿಂದ ನಾಲ್ಕೈದು ಬಾಗಿಲ ಒಳಗೆ, ಮೇಲೆ-ಕೆಳಗೆ ಎರಡೂ ಡೆಕ್ ಕೋಣೆಗಳದ್ದೇ ಆಗಿರಬೇಕು. ಬಫೆಯ ಕೆಳಗಿನ ಕೋಣೆಗೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ಬರುತ್ತದೆ. ನಡುಭಾಗದ ಕೆಳ ಡೆಕ್‌ನಲ್ಲಿ ಓಲಾಟವೂ ಕಡಿಮೆ.

ಹಾಲೆಂಡ್ ಅಮೆರಿಕ ಆರಿಸಿದರೆ ಸ್ನಾನದ ಮನೆಯನ್ನು ಕೇಳಲು ಮರೆಯಬೇಡಿ. ಅವರ ಹಳೆಯ ಹಡಗುಗಳ ಹಲವು ಬಾಲ್ಕನಿ ಕೋಣೆಗಳಲ್ಲಿ ಟಬ್‌ನೊಳಗೇ ಶವರ್. ಟಬ್‌ನ ಅಂಚು ಮೊಣಕಾಲಿನ ಎತ್ತರಕ್ಕೆ ಬರುತ್ತದೆ, ಓಲಾಡುವ ಹಡಗಿನಲ್ಲಿ ಒದ್ದೆ ಕಾಲಿಂದ ಅದನ್ನು ದಾಟಬೇಕು. "ಶವರ್ ಮಾತ್ರ" ಇರುವ ಕೋಣೆಯ ನಂಬರನ್ನು ಫೋನಿನಲ್ಲಿ ಕೇಳಿ ಹಿಡಿಸಿ. ಇದನ್ನು ಚಿತ್ರ ನೋಡಿ ಯಾರೂ ಊಹಿಸುವುದಿಲ್ಲ.

ಬಂದರಿನ ಇಳಿಜಾರು ಇನ್ನೊಂದು. ಅಲಾಸ್ಕದಲ್ಲಿ ಉಬ್ಬರ-ಇಳಿತದ ಅಂತರ ಐದಾರು ಮೀಟರ್ ಇರುತ್ತದೆ. ಬೆಳಗ್ಗೆ ಇಳಿಯುವಾಗ ಚಪ್ಪಟೆಯಾಗಿದ್ದ ಏಣಿಹಲಗೆ ಸಂಜೆ ಮರಳುವಾಗ ಕಡಿದಾಗಿರಬಹುದು. ಆ ದಿನದ ಉಬ್ಬರದ ಹೊತ್ತು ಕೇಳಿಕೊಂಡು ಇಳಿಯಿರಿ. ಗಾಲಿಕುರ್ಚಿ ಬೇಕಾದರೆ ಮೊದಲೇ ಬಾಡಿಗೆಗೆ ಹೇಳಿ ಕೋಣೆಗೆ ತರಿಸಿ. ಹಡಗಿನವು ಹತ್ತಿಸಲು, ಇಳಿಸಲು ಮಾತ್ರ. ಸ್ಕ್ಯಾಗ್ವೇಯ ವೈಟ್ ಪಾಸ್ ರೈಲು ಮಾವನವರಿಗೆ ಹೇಳಿ ಮಾಡಿಸಿದಂತಿದೆ: 1900ರಲ್ಲಿ ಮುಗಿದ ಮೂರಡಿ ಅಗಲದ ಹಳಿ, 20 ಮೈಲಿಯಲ್ಲಿ 2,865 ಅಡಿ ಏರುತ್ತದೆ, ಹೋಗಿಬರುವವರೆಗೆ ಕುಳಿತೇ ನೋಡಬಹುದು. ಹೋಗುವಾಗ ಎಡಬದಿ ಕೂರಿಸಿ, ಕಣಿವೆ ಆ ಕಡೆ.

ಸನ್ನಿವೇಲ್_ಕಾವೇರಿ

ಎಲ್ಲರಿಗೂ ಬಹಳ ಧನ್ಯವಾದ. ವಿಕ್ಟೋರಿಯಾಕ್ಕೂ ವೀಸಾ ಬೇಕೆಂಬುದು ಗೊತ್ತೇ ಇರಲಿಲ್ಲ. ಹಾಲೆಂಡ್ ಅಮೆರಿಕ ವ್ಯಾಂಕೂವರ್‌ನಿಂದ, ಜುಲೈ ಕಡೆಗೆ ಮನಸ್ಸು ವಾಲಿದೆ. ಹಿಮನದಿ ದಿನ ಮಾವನವರು ಕೋಣೆಯಿಂದಲೇ ನೋಡಲಿ ಅಂತ ಬಾಲ್ಕನಿ ಹಿಡಿಯಬೇಕೆಂದಿದೆ. ನಾಲ್ವರಿಗೆ ಒಂದು ಕೋಣೆ, ಅತ್ತೆ-ಮಾವನವರಿಗೆ ಇನ್ನೊಂದು ಅಂತ ಹುಡುಕಿದರೆ ನಾಲ್ವರ ಕೋಣೆ ಖಾಲಿ ಇಲ್ಲ ಅಂತ ತೋರಿಸುತ್ತಿದೆ, ಹಡಗು ತುಂಬಿಲ್ಲದಿದ್ದರೂ. ಎಡಬದಿಯೋ ಬಲಬದಿಯೋ? ಮತ್ತೆ ಟಿಕೆಟ್ ಮೇಲೆ ಇನ್ನೆಷ್ಟು ಇಟ್ಟುಕೊಳ್ಳಬೇಕು?

ಲಂಗರು

ಕುಂದಾಪುರದವರು ಹೇಳಿದ ಟಬ್ ವಿಷಯ ನಾನು ಬರೆಯಬೇಕಿತ್ತು, ಬಿಟ್ಟುಹೋಗಿತ್ತು.

ಹಡಗಿನ ಪ್ರತಿ ವಿಭಾಗಕ್ಕೂ ಲೈಫ್‌ಬೋಟ್‌ನಲ್ಲಿ ಇಷ್ಟೇ ಜನ ಎಂಬ ಮಿತಿ ಇದೆ. ಮೂರನೆಯ, ನಾಲ್ಕನೆಯ ಹಾಸಿಗೆಗಳು ಆ ಮಿತಿ ಮುಟ್ಟಿದರೆ ಕೋಣೆ ಖಾಲಿ ಇದ್ದರೂ ಮಾರುವುದಿಲ್ಲ. ಬೇಸಿಗೆ ರಜೆಗೆ ನಾಲ್ವರ ಕೋಣೆಗಳು ಒಂಬತ್ತು ತಿಂಗಳು, ವರ್ಷ ಮೊದಲೇ ಮುಗಿಯುತ್ತವೆ. ನೀವು ಮೂರು-ಮೂರು ಮಾಡಿ, ನಡುವೆ ಬಾಗಿಲಿರುವ ಅಕ್ಕಪಕ್ಕದ ಕೋಣೆಗಳು. ಪ್ರತಿ ಕೋಣೆಯಲ್ಲಿ ಮೊದಲಿಬ್ಬರಿಗೆ ಪೂರ್ತಿ ದರ, ಮೂರನೆಯವರಿಂದ ಕಡಿಮೆ. ನಾಲ್ಕು-ಎರಡು ಮಾಡಿದರೂ, ಮೂರು-ಮೂರು ಮಾಡಿದರೂ ನಾಲ್ಕು ಪೂರ್ತಿ, ಎರಡು ಕಡಿಮೆ. ಲೆಕ್ಕ ಒಂದೇ, ಸ್ನಾನದ ಮನೆಗೆ ನಾಲ್ವರ ಸಾಲಿಲ್ಲ. ದೊಡ್ಡ ಮಗುವನ್ನು ಅಜ್ಜಿ-ತಾತನ ಕೋಣೆಗೆ ಹಾಕಿ. ಗೋಡೆಯಿಂದ ಇಳಿಸುವ ಮೇಲ್ಹಾಸಿಗೆಯೇ ಸಿಕ್ಕರೂ 9 ವರ್ಷದವರಿಗೆ ಅಡ್ಡಿಯಿಲ್ಲ. 4 ವರ್ಷದವರಿಗೆ ಬೇಡ, ಅವರ ಕೋಣೆಯಲ್ಲಿ ಸೋಫಾ ಹಾಸಿಗೆ ಇದೆಯೇ ಕೇಳಿ.

ಖರ್ಚು: ಟಿಪ್ಸ್ ದಿನಕ್ಕೆ ತಲೆಗೆ 16ರಿಂದ 20 ಡಾಲರ್, ಮಕ್ಕಳಿಗೂ ಹಾಕುತ್ತಾರೆ. 18 ಅಂತ ಹಿಡಿದರೆ ಆರು ಜನ, ಏಳು ದಿನಕ್ಕೆ 756 ಡಾಲರ್. ಬಂದರು ಶುಲ್ಕ, ತೆರಿಗೆ 2024ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಬಂದಮೇಲೆ ತೋರಿಸುವ ದರದಲ್ಲೇ ಸೇರಿರುತ್ತವೆ, ಟಿಪ್ಸ್ ಸೇರಿರುವುದಿಲ್ಲ. ವೈಫೈ ಇಡೀ ಕುಟುಂಬಕ್ಕೆ ಬೇಡ, ಒಂದು ಫೋನಿಗೆ ತೆಗೆದುಕೊಂಡರೆ ಸಾಕು, ಬಂದರುಗಳಲ್ಲಿ ಅಮೆರಿಕದ ಸಿಮ್ ನಡೆಯುತ್ತದೆ. ಮದ್ಯ, ವೈಫೈ, ಟಿಪ್ಸ್ ಕೂಡಿಸಿದ ಪ್ಯಾಕೇಜ್‌ಗಳನ್ನು ಕುಡಿಯದವರು ತೆಗೆದುಕೊಂಡರೆ ನಷ್ಟ. ಒಂದೇ ಕೋಣೆಯ ದೊಡ್ಡವರಿಬ್ಬರೂ ಅದನ್ನೇ ತೆಗೆದುಕೊಳ್ಳಬೇಕೆಂಬ ಷರತ್ತೂ ಇರಬಹುದು, ಓದಿ. ತಿಮಿಂಗಿಲ ನೋಡುವ ದೋಣಿ ತಲೆಗೆ 150-200 ಡಾಲರ್. ಕಿಟಕಿಯಿರುವ ಬೆಚ್ಚನೆಯ ಕ್ಯಾಬಿನ್ ಮತ್ತು ಶೌಚಾಲಯ ಇರುವ ದೋಣಿಯನ್ನೇ ಹಿಡಿಯಿರಿ, ತೆರೆದ ರಬ್ಬರ್ ದೋಣಿ ನಿಮಗಲ್ಲ.

ಬದಿಯ ಚಿಂತೆ ಬಿಡಿ. ಒಂದೇ ದಿಕ್ಕಿನ ಪ್ರಯಾಣದಲ್ಲಿ ಮಾತ್ರ ಅದು ಮುಖ್ಯ: ಉತ್ತರಕ್ಕೆ ಹೋಗುವಾಗ ಬಲಬದಿ, ದಕ್ಷಿಣಕ್ಕೆ ಬರುವಾಗ ಎಡಬದಿ ದಡದ ಕಡೆ. ಹೋಗಿಬರುವ ಪ್ರಯಾಣದಲ್ಲಿ ಎರಡೂ ಸಿಗುತ್ತದೆ, ಹಿಮನದಿಯ ಮುಂದೆ ಕ್ಯಾಪ್ಟನ್ ಎರಡೂ ಬದಿಗೆ ಕಾಣುವಂತೆ ಹಡಗು ತಿರುಗಿಸುತ್ತಾರೆ. ಬಾಲ್ಕನಿ ಹಿಡಿಯುವಾಗ ಹೊರಗೆ ಲೈಫ್‌ಬೋಟ್ ಅಡ್ಡ ಬರದ ಡೆಕ್ ಇರಲಿ. ಸೆಲೆಬ್ರಿಟಿ ಎಡ್ಜ್‌ನಂಥ ಹಡಗುಗಳ "ಇನ್ಫಿನಿಟ್ ವೆರಾಂಡ" ನಿಜವಾದ ಬಾಲ್ಕನಿಯಲ್ಲ, ಕೆಳಗಿಳಿಯುವ ಗಾಜಿನ ಕಿಟಕಿ. ಹಾಲೆಂಡ್‌ನಲ್ಲಿ ಬಾಲ್ಕನಿ ದುಬಾರಿ ಎನಿಸಿದರೆ ದೊಡ್ಡ ಕಿಟಕಿಯ ಕೋಣೆ ಹಿಡಿದು ಉಳಿದ ಹಣವನ್ನು ರೈಲಿಗೂ ದೋಣಿಗೂ ಇಡಿ. ಆ ಹಡಗುಗಳಲ್ಲಿ ಕೆಳಗಿನ ಡೆಕ್‌ನ ಸುತ್ತ ಅಗಲವಾದ ಓಣಿ ಇರುತ್ತದೆ. ಹಿಮನದಿಯ ದಿನ ಅಲ್ಲಿ ಕುರ್ಚಿ ಹಾಕಿ ಮಾವನವರಿಗೆ ಕಂಬಳಿ ಹೊದಿಸಿ ಕೂರಿಸಿದರೆ, ಹಡಗು ತಿರುಗಿದಾಗ ನಾಲ್ಕು ಹೆಜ್ಜೆಯೂ ನಡೆಯಬೇಕಿಲ್ಲ.